ಮೂರು ಊರು, ಮೂರು ಬಾಯಿ: ಧೂಳಪ್ಪ ಗುರುಗಳು ಮತ್ತು ‘ಸೆರೆಗೋಟೆ’

ಭೀಮಾ ಮತ್ತು ಸೀನಾ ನದಿಗಳ ನಡುವಣ ಈ ಗಡಿನಾಡಿನಲ್ಲಿ ಕನ್ನಡ ಕಲಿಸಿದ ಮಹನೀಯರು ಹಲವರಿದ್ದಾರೆ. ಕವಿತೆ ಕಟ್ಟಿದವರು, ಶಾಸನ ಓದಿದವರು, ಸಭೆಗಳಲ್ಲಿ ಮೇಜು ಗುದ್ದಿ ಭಾಷಣ ಮಾಡಿದವರೂ ಇದ್ದಾರೆ. ಆದರೆ ಜನ ಆಡುವ ಮಾತನ್ನು ಮೂವತ್ತೈದು ವರ್ಷ ತಾವು ಬಾಯಿ ಮುಚ್ಚಿಕೊಂಡು ಕೇಳಿ, ಕೇಳಿದ್ದನ್ನು ಕೇಳಿದಂತೆಯೇ ಬರೆದಿಟ್ಟ ವಿದ್ವಾಂಸರು ಎಂದರೆ ಸೋಲಾಪುರ ಜಿಲ್ಲೆಯಲ್ಲಿ ನಮಗೆ ತಿಳಿದಂತೆ ಒಬ್ಬರೇ. ಅವರೇ ನಮ್ಮ ಪೂಜ್ಯ ಗುರುಗಳಾದ ಶ್ರೀ ಧೂಳಪ್ಪ ಅಮೋಗಸಿದ್ಧ ಪೂಜಾರಿಯವರು. 1958ನೆಯ ಇಸವಿಯ ಮೇ ತಿಂಗಳ ಕೊನೆಯ ದಿನ ಅಕ್ಕಲಕೋಟೆಯ ಕನ್ನಡ ಶಾಲೆಯ ಮುಖ್ಯಾಧ್ಯಾಪಕ ಹುದ್ದೆಯಿಂದ ನಿವೃತ್ತರಾದ ಅವರಿಗೆ, ಶಿಷ್ಯರೂ ಸಹೋದ್ಯೋಗಿಗಳೂ ಕೂಡಿ ಈ ಗ್ರಂಥವನ್ನು ಭಕ್ತಿಯಿಂದ ಅರ್ಪಿಸುತ್ತಿದ್ದಾರೆ.

ಸಂಪಾದಕರು ‘ಗುರುಗಳ ಸಮಗ್ರ ಸೇವೆ’ ಎಂಬ ಹೆಬ್ಬಂಡೆಯಂಥ ವಿಷಯವನ್ನೇ ಈ ಲೇಖನಕ್ಕೆ ಕೊಟ್ಟಿದ್ದರು. ಬರೆಯಲು ಕೂತವನು ಬಂಡೆಪ್ಪ. ಮೊದಲು ಗುರುಗಳ ಶಿಷ್ಯ, ಆಮೇಲೆ ಅವರದೇ ಶಾಲೆಯಲ್ಲಿ ಸಹಾಯಕ ಶಿಕ್ಷಕ. “ಹೇಳಾವ ಹಿಂದ ನಿಲ್ಲಬೇಕ, ಮಾತು ಮುಂದ ನಿಲ್ಲಬೇಕ” ಎನ್ನುವುದು ಗುರುಗಳ ಪಾಠವಾದ್ದರಿಂದ ಬಂಡೆಪ್ಪ ಇಲ್ಲಿ ‘ನಾನು’ ಎನ್ನದೆ, ತನ್ನನ್ನೂ ಊರವರಂತೆ ಹೆಸರು ಹಿಡಿದೇ ಕರೆಯುತ್ತಾನೆ. ಸಮಗ್ರ ಸೇವೆಯನ್ನು ಬರೆಯಲು ಅವನು ಪ್ರಯತ್ನ ಮಾಡಲಿಲ್ಲವೆಂದಲ್ಲ. ನಾಲ್ಕು ಸಲ ಆರಂಭಿಸಿದ. ನಾಲ್ಕು ಸಲವೂ ಲೇಖನಿ ಹೋಗಿ ಹೋಗಿ ಒಂದೇ ಮಾತಿನ ಮುಂದೆ ನಿಂತಿತು. ಕೊನೆಗೆ, ಹೋಗಲಿ, ಆ ಒಂದು ಮಾತಿನ ಕತೆಯನ್ನೇ ಹೇಳಿಬಿಡೋಣ, ಅದರಲ್ಲೇ ಗುರುಗಳೆಲ್ಲ ಸಿಗುತ್ತಾರೆ ಎಂದು ನಿಶ್ಚಯಿಸಿದ್ದಾನೆ. ಸಂಪಾದಕರು ಕ್ಷಮಿಸಬೇಕು.

ಗುರುಗಳು ಹುಟ್ಟಿದ್ದು ಬೋರಾಮಣಿಯಲ್ಲಿ, ಕುರಿ ಸಾಕುವ ಮನೆತನದಲ್ಲಿ. ತಂದೆ ಅಮೋಗಸಿದ್ಧಪ್ಪನವರು ಬೀರೋಬನ ಪೂಜೆ ಮಾಡಿಕೊಂಡು, ಉಳಿದ ದಿನ ಹುಲ್ಲುಗಾವಲಿನಲ್ಲಿ ಕುರಿಯ ಬೆನ್ನು ಹತ್ತಿದವರು. 1923ರಲ್ಲಿ ಮಗ ಮಾಸ್ತರನಾದಾಗ ಅವರು ಕೊಟ್ಟ ಆಶೀರ್ವಾದ ಒಂದೇ ಮಾತಿನದು: “ಕುರಿ ಕಾಯಾವ ಒದರಬಾರದು, ಕಿವಿ ಕೊಡಬೇಕು.” ಗುರುಗಳು ಆ ಮಾತನ್ನು ಸೆರಗಿಗೆ ಕಟ್ಟಿಕೊಂಡು ನಡೆದರು. ಮಳೆಗಾಲ ಮುಗಿದು ಕುರಿಹಿಂಡುಗಳು ಊರು ಬಿಟ್ಟಾಗ ಮಕ್ಕಳೂ ಅವುಗಳ ಸಂಗಡ ಹೋಗುತ್ತಿದ್ದರು. ಗುರುಗಳು ಭಾನುವಾರ ಭಾನುವಾರ ಪಾಟಿ-ಬಳಪದ ಗಂಟು ಹೊತ್ತು ಹಿಂಡು ಇಳಿದ ಹೊಲಕ್ಕೇ ಹೋಗಿ ಪಾಠ ಹೇಳಿ ಬರುತ್ತಿದ್ದರು. ಆಗ ಕಲಿತವರಲ್ಲಿ ಇಬ್ಬರು ಇಂದು ಶಿಕ್ಷಕರಾಗಿದ್ದಾರೆ, ಒಬ್ಬರು ರೈಲ್ವೆಯಲ್ಲಿದ್ದಾರೆ.

ಬಂಡೆಪ್ಪ ಸೋಲಾಪುರದ ಶಾಲೆಯಲ್ಲಿ ಅವರ ಕೈಕೆಳಗೆ ಕಲಿತದ್ದು ಮೂರು ವರ್ಷ. ಒಂದು ದಿನ ತಪಾಸಣೆಗೆ ಬಂದ ಸಾಹೇಬರ ಮುಂದೆ ‘ಶಾಲೆ’ ಎನ್ನುವ ಬದಲು ಮನೆಯ ರೂಢಿಯಂತೆ ‘ಸಾಲಿ’ ಎಂದುಬಿಟ್ಟ. ಸಾಹೇಬರು ನಕ್ಕರು, ವರ್ಗವೆಲ್ಲ ನಕ್ಕಿತು. ಗುರುಗಳು ನಗಲಿಲ್ಲ, ಜೇಬಿನಿಂದ ಒಂದು ಚೀಟಿ ತೆಗೆದು ‘ಸಾಲಿ’ ಎಂದು ಬರೆದು, ಕೆಳಗೆ ಬಂಡೆಪ್ಪನ ಹೆಸರನ್ನೂ ಅವನ ಊರನ್ನೂ ಬರೆದು, ಮಡಿಸಿ ಇಟ್ಟುಕೊಂಡರು. ತನ್ನ ಬಾಯಿಯ ಮಾತಿಗೂ ಕಾಗದದ ಯೋಗ್ಯತೆ ಇದೆ ಎಂದು ಅವನಿಗೆ ಗೊತ್ತಾದದ್ದು ಅಂದು. ಮನೆಗೆ ಹೋಗಿ ಅವ್ವನಿಗೆ ಹೇಳಿ, ಅವಳು ನಂಬಲಿಲ್ಲವೆಂದು ಅತ್ತಿದ್ದ.

ಇಂಥ ಚೀಟಿಗಳು ವರ್ಷವರ್ಷಕ್ಕೆ ಬೆಳೆದವು. ಲಗ್ನಪತ್ರಿಕೆಯ ಹಿಂಬದಿ, ಹಳೆಯ ಪಂಚಾಂಗದ ಹಾಳೆ, ಪರೀಕ್ಷೆಯ ಉತ್ತರಪತ್ರಿಕೆಯ ಅಂಚು, ಯಾವುದೂ ಗುರುಗಳಿಗೆ ವರ್ಜ್ಯವಲ್ಲ. ಅವನ್ನು ತುಂಬಲು ಮನೆಯವರಾದ ರೇವಮ್ಮನವರು ಹರಿದ ಕಂಬಳಿಗಳಿಂದ ಚೀಲ ಹೊಲಿದುಕೊಟ್ಟರು. “ಮಂದಿ ಮನ್ಯಾಗ ಜ್ವಾಳದ ಚೀಲ ಇರ್ತಾವ, ನಮ್ಮ ಮನ್ಯಾಗ ಮಾತಿನ ಚೀಲ ಅದಾವ. ಇವನ್ನ ಬೀಸಿ ರೊಟ್ಟಿ ಬಡಿಯಾಕ ಬರ್ತೈತೇನ ಕೇಳ್ರಿ ನಿಮ್ಮ ಗುರುಗಳ್ನ” ಎಂದು ಆ ತಾಯಿ ನಮ್ಮನ್ನು ಚುಡಾಯಿಸುತ್ತಿದ್ದರು. ಆದರೆ ಮಳೆ ಬಂದಾಗ ಮೊದಲು ಒಳಗೆ ಎಳೆಯುತ್ತಿದ್ದದ್ದು ಜೋಳದ ಚೀಲವನ್ನಲ್ಲ ಎನ್ನುವುದಕ್ಕೆ ಬಂಡೆಪ್ಪನೇ ಸಾಕ್ಷಿ.

ಗುರುಗಳ ಕೆಲಸಕ್ಕೆ ಒಂದು ಕಟ್ಟುನಿಟ್ಟಿನ ನೇಮವಿತ್ತು. ಒಂದು ಮಾತು ಸಂಗ್ರಹಕ್ಕೆ ಸೇರಬೇಕಾದರೆ ಮೂರು ಊರುಗಳಲ್ಲಿ, ಮೂರು ಬಾಯಿಗಳಿಂದ, ಕೇಳದೆ ಬಂದಿರಬೇಕು. ‘ಇದಕ್ಕೆ ಏನಂತಾರೆ’ ಎಂದು ಕೇಳುವಂತಿಲ್ಲ. ‘ಹೀಗೆ ಅಂತಾರೇನು’ ಎಂದಂತೂ ಸರ್ವಥಾ ಕೇಳುವಂತಿಲ್ಲ. ಹೆಚ್ಚೆಂದರೆ ಕತೆಯೊಂದನ್ನು ಆರಂಭಿಸಿ, ಬೇಕಾದ ಜಾಗಕ್ಕೆ ಬಂದಾಗ ಮರೆತವರಂತೆ ತಲೆ ಕೆರೆದುಕೊಂಡು ನಿಲ್ಲುತ್ತಿದ್ದರು. ಕೇಳುವವರಿಗೆ ತಡೆಯಲಾಗುತ್ತಿರಲಿಲ್ಲ, ತಾವೇ ಮಾತು ಒದಗಿಸಿ ಕತೆಯನ್ನು ಮುಂದಕ್ಕೆ ತಳ್ಳುತ್ತಿದ್ದರು. ನಮ್ಮ ಕಡೆಯ ಜನ ಮಾಸ್ತರರಿಗೆ ಎಂದೂ ಇಲ್ಲವೆನ್ನುವುದಿಲ್ಲ. ಮಾಸ್ತರರು ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟುತ್ತೇವೆ ಎನ್ನುವಷ್ಟು ಮರ್ಯಾದೆ. ಆ ಮರ್ಯಾದೆಯೇ ಮಾತಿನ ಸಾಕ್ಷಿಯನ್ನು ಕೆಡಿಸುತ್ತದೆ ಎಂದು ಅರಿತು ಗುರುಗಳು ಈ ನೇಮವನ್ನು ಮಾಡಿಕೊಂಡಿದ್ದರು.

‘ಸೆರೆಗೋಟೆ’ ಎಂಬ ಮಾತು ಮೊದಲು ಬಂದದ್ದು 1939ರಲ್ಲಿ, ಬೋರಾಮಣಿಯ ಸೋಮವ್ವನ ಬಾಯಿಂದ. ಸೋಮವ್ವ ಗುರುಗಳಿಗೆ ದೂರದ ಸಂಬಂಧದಲ್ಲಿ ಅತ್ತೆಯಾಗಬೇಕು. ಉಣ್ಣೆ ಹಿಂಜುತ್ತ ಕೂತು, ಬರುವುದಾಗಿ ಹೇಳಿ ಬಾರದ ಅಳಿಯನನ್ನು ಬಯ್ಯುತ್ತಿದ್ದಳು: “ಸೋಲಾಪೂರಕ ಹೋಗ್ಯಾನೋ ಸೆರಿಗ್ವಾಟಿಗೆ ಬಿದ್ದಾನೋ, ಒಂದು ಸುದ್ದಿಲ್ಲ ಏನಿಲ್ಲ.” ಗುರುಗಳ ಕಿವಿ ನೆಟ್ಟಗಾದವು. ಸೋಲಾಪುರದಲ್ಲಿ ಯಾರೋ ಕಾಯ್ದೆ ಮುರಿದು ತುರಂಗಕ್ಕೆ, ಅಂದರೆ ಜೈಲಿಗೆ, ಹೋದ ಸುದ್ದಿಯನ್ನು ಅವರು ಮಾತಿನ ನಡುವೆ ಸುಮ್ಮನೆ ತೇಲಿಬಿಟ್ಟರು. ಮುದುಕಿ ಉಣ್ಣೆಯಿಂದ ತಲೆ ಎತ್ತದೆ ಅಂದಳು: “ತುರಂಗ ಬ್ಯಾರೆ ಧೂಳ್ಯಾ. ತುರಂಗಕ್ಕ ಹೋದಾವ ತಾನಾ ದಿನಾ ಎಣಸ್ತಾನ. ಸೆರಿಗ್ವಾಟಿಗೆ ಹೋದಾವಂದು ಮನಿಯವ್ರು ಎಣಸ್ತಾರ.” ಗುರುಗಳು ಆ ಸಾಲನ್ನು ಅಕ್ಷರವೂ ಬಿಡದೆ ಚೀಟಿಗೆ ಇಳಿಸಿದರು.

ಎರಡನೆಯ ಬಾಯಿ ಸಿಗಲು ಏಳು ವರ್ಷ ಬೇಕಾಯಿತು. 1946ರಲ್ಲಿ ಹುಲಜಂತಿಯಲ್ಲಿ ಡೊಳ್ಳಿನ ಪದ ಹೇಳುವ ಖಂಡಪ್ಪನವರ ಮನೆಯಲ್ಲಿ ಗುರುಗಳು ಉಳಿದಿದ್ದಾಗ, ಖಂಡಪ್ಪನವರು ಡೊಳ್ಳಿಗೆ ಹೊಸ ಚರ್ಮ ಬಿಗಿಯುತ್ತ ತಮ್ಮಷ್ಟಕ್ಕೆ ಗುನುಗಿದ ಪದದಲ್ಲಿ ‘ಸೆರಿಗ್ವಾಟಿ ಕಲ್ಲೀಗಿ ಕಿವಿಯಿಲ್ಲೊ ತಮ್ಮಾ’ ಎಂಬ ನುಡಿ ಬಂತು. ಅದೂ ಕೇಳದೆ ಬಂದದ್ದೇ. ಈ ಎರಡು ಚೀಟಿಗಳಿಂದ ಗುರುಗಳು ಅರ್ಥವನ್ನು ಹೀಗೆ ಕಟ್ಟಿದ್ದರು: ಸೆರೆಗೋಟೆಯೆಂದರೆ ಬರಿಯ ಬಂದೀಖಾನೆಯಲ್ಲ. ವೈರಿಯನ್ನು ಹೊರಗಿಡಲು ಕಟ್ಟಿದ ಕೋಟೆಯನ್ನೇ ತನ್ನವರನ್ನು ಒಳಗಿಡಲು ಬಳಸಿದಾಗ ಅದು ಸೆರೆಗೋಟೆ. ಅಲ್ಲಿ ಹೋದವನಿಗೆ ತೀರ್ಪಿಲ್ಲ, ಅವಧಿಯಿಲ್ಲ, ಸುದ್ದಿಯಿಲ್ಲ. ರೂಢಿಯಲ್ಲಿ, ಹೋಗಿ ತಿರುಗಿ ಸುಳಿವು ಕೊಡದವನ ವಿಷಯಕ್ಕೆ ಬಳಸುವ ಮಾತು. ತುರಂಗ ಎಂಬ ಮರಾಠಿಯಿಂದ ಬಂದ ಮಾತು ಎಲ್ಲರ ಬಾಯಲ್ಲಿ ಕೂತ ಮೇಲೂ ಈ ಮಾತು ಅಲ್ಲಲ್ಲಿ ಉಳಿದದ್ದು, ಅದು ಹೇಳುವುದನ್ನು ತುರಂಗ ಹೇಳಲಾರದೆಂಬ ಕಾರಣಕ್ಕೆ ಎಂದು ಗುರುಗಳ ಅಭಿಪ್ರಾಯ.

ಮೂರನೆಯ ಬಾಯಿ ಬೇಕಾಗಿತ್ತು. ಅಲ್ಲಿಯೇ ನಮ್ಮ ಬಂಡೆಪ್ಪ ಎಡವಿದ.

1951ರಲ್ಲಿ ಅವನು ಅಕ್ಕಲಕೋಟೆಯ ಶಾಲೆಗೆ ಸಹಾಯಕನಾಗಿ ಬಂದಾಗ ಗುರುಗಳು ಅಲ್ಲಿ ಮುಖ್ಯಾಧ್ಯಾಪಕರಾಗಿದ್ದರು. ಬಂಡೆಪ್ಪನಿಗೆ ಚೀಟಿಯ ಹುಚ್ಚು ಹಿಡಿಯಲು ವಾರವೂ ಬೇಕಾಗಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಆ ಗಾದೆ ಇವನನ್ನು ನೋಡಿಯೇ ಮಾಡಿದ್ದು. ಮರುವರ್ಷ ಒಂದು ಹಳ್ಳಿಯಲ್ಲಿ ಭೀಮಣ್ಣನೆಂಬ ವೃದ್ಧರ ಕಟ್ಟೆಯ ಮೇಲೆ ಕೂತು, ಅರ್ಧ ದಿನ ಕತೆ ಹೇಳಿ, ಅವರು ಮತ್ತೆ ಮತ್ತೆ ‘ತುರಂಗ’ ಎಂದೇ ತುಂಬುತ್ತಿದ್ದಾಗ, ತಾಳ್ಮೆ ಕಳೆದುಕೊಂಡು ಕೇಳಿಯೇಬಿಟ್ಟ: “ಯಜಮಾನ್ರ, ಇದಕ್ಕ ಸೆರಿಗ್ವಾಟಿ ಅಂತಾರಲ್ಲೇನ್ರಿ?” ಭೀಮಣ್ಣನವರು ತಲೆದೂಗಿ, “ಹೌದ್ರಿ ಮಾಸ್ತರ, ಅಂತಾರ್ರಿ, ಯಾಕ ಅನ್ನೂದಿಲ್ಲ” ಎಂದರು. ಬಂಡೆಪ್ಪ ಚೀಟಿ ಬರೆದ. ‘ಕೇಳದೆ ಬಂದದ್ದು’ ಎಂಬ ಕಡೆ ಗುರುತು ಹಾಕಿದ. ಗುರುಗಳು ಅದನ್ನು ಓದಿ, ಎದ್ದು ನಿಂತು, ಅವನ ಎರಡೂ ಕೈ ಹಿಡಿದುಕೊಂಡರು. ಹದಿಮೂರು ವರ್ಷ ಕಾದ ಮಾತು ಕೂಡಿ ಬಂದ ಸಂತೋಷ ಅದು. ಆ ಮುಖ ನೋಡಿದ ಮೇಲೆ ನಿಜ ಹೇಳುವ ಧೈರ್ಯ ಬಂಡೆಪ್ಪನಿಗೆ ಬರಲಿಲ್ಲ, ನಾಳೆ ಹೇಳುತ್ತೇನೆ ಎಂದುಕೊಂಡ. ಆ ನಾಳೆ ಆರು ವರ್ಷವಾಯಿತು.

ರಾಜ್ಯಗಳ ಗಡಿ ಹೊಸದಾಗಿ ನಿಶ್ಚಯವಾಗಿ ನಾವು ಇತ್ತ ಉಳಿದ ಮೇಲೆ, ಇಲ್ಲಿಯ ಕನ್ನಡವನ್ನು ಅಚ್ಚಿನಲ್ಲಾದರೂ ಉಳಿಸಬೇಕೆಂದು ಕೆಲವು ಹಿರಿಯರು ಗಡಿನಾಡ ಪದಸಂಗ್ರಹ ಮಂಡಳಿಯನ್ನು ಕಟ್ಟಿದರು. ಗುರುಗಳ ನಾಲ್ಕು ಸಾವಿರದ ಮುನ್ನೂರ ಹನ್ನೊಂದು ಮಾತುಗಳನ್ನು ಪುಸ್ತಕವಾಗಿ ಮುದ್ರಿಸುವುದೆಂದು ಗೊತ್ತಾಯಿತು. ಪರೀಕ್ಷಕರಾಗಿ ನೇಮಕವಾದವರು ಮಲ್ಲಯ್ಯನವರು. ವಿದ್ವಾಂಸರು, ಶಿಸ್ತಿನವರು, ಇನ್ನೊಬ್ಬರ ಮಾತನ್ನು ಹತ್ತು ಸಲ ತೂಗದೆ ಒಪ್ಪುವವರಲ್ಲ. ನಿಘಂಟುಗಳಲ್ಲೆಲ್ಲ ಹುಡುಕಿ ‘ಸೆರೆಗೋಟೆ’ ಸಿಗದಿದ್ದಾಗ ಅವರು 1958ರ ಮಾರ್ಚಿನಲ್ಲಿ ಸ್ವತಃ ಭೀಮಣ್ಣನವರ ಕಟ್ಟೆಗೆ ಹೋದರು. ಭೀಮಣ್ಣನವರು ಸುಳ್ಳು ಹೇಳುವ ಮನುಷ್ಯರಲ್ಲ. “ಆ ಸಣ್ಣ ಮಾಸ್ತರ್ರು ಹಂಗ ಅಂತಾರಲ್ಲೇನ್ರಿ ಅಂದ್ರು. ಓದಿದವರು, ಅಂತಿರಬೇಕು ಅಂತ ನಾ ಹೂಂ ಅಂದೆ” ಎಂದರು.

ಮಂಡಳಿಯಿಂದ ಬಂದ ಪತ್ರ ಚಿಕ್ಕದಾಗಿತ್ತು. ಈ ಮಾತು ಸಂಗ್ರಾಹಕರೇ ಸೃಷ್ಟಿಸಿದ್ದೆಂದು ಕಾಣುತ್ತದೆ. ಸೋಮವ್ವನೂ ಖಂಡಪ್ಪನವರೂ ಈಗ ಬದುಕಿಲ್ಲವಾದ್ದರಿಂದ ಮೊದಲ ಎರಡು ಚೀಟಿಗಳನ್ನೂ ಪರೀಕ್ಷಿಸಲಾಗದು. ಒಂದು ಚೀಟಿ ಕಟ್ಟುಕತೆಯಾದರೆ ಉಳಿದ ನಾಲ್ಕು ಸಾವಿರವನ್ನು ನಂಬುವುದು ಹೇಗೆ. ಸಂಗ್ರಾಹಕರು ಸೇವೆಯಲ್ಲಿರುವಾಗಲೇ, ಮೇ ಮುಗಿಯುವುದರೊಳಗೆ ಸಾಕ್ಷಿ ಒದಗಿಸದಿದ್ದರೆ ಇಡೀ ಸಂಗ್ರಹದ ಮುದ್ರಣವನ್ನು ಕೈಬಿಡಲಾಗುವುದು. ಮೂವತ್ತೈದು ವರ್ಷದ ಕೆಲಸ ಒಂದೇ ಮಾತಿನ ಮೇಲೆ ಬಂದು ನಿಂತಿತು.

ಬಂಡೆಪ್ಪ ಆ ಪತ್ರ ಓದಿ, ಶಾಲೆಯ ಹಿಂದಿನ ಬೇವಿನ ಗಿಡದ ಕೆಳಗೆ ಗುರುಗಳ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡ. ನೆಲ ಬಾಯಿಬಿಟ್ಟರೆ ಇಳಿದುಹೋಗಬೇಕೆನಿಸಿತ್ತು.

“ಆರು ವರ್ಷ ಇದನ್ನ ಹೊತಕೊಂಡು ಅಡ್ಡಾಡಿದಿ?” ಎಂದು ಗುರುಗಳು ಕೇಳಿದರು.

“ಹೌದ್ರಿ ಗುರುಗಳ.”

“ಭಾರ ಆಗಲಿಲ್ಲೇನೊ ತಮ್ಮಾ?”

ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು. ಆ ಪ್ರಶ್ನೆಗೆ ಬಂಡೆಪ್ಪ ಮಗುವಿನಂತೆ ಅತ್ತ. ಗುರುಗಳು ಮಂಡಳಿಗೆ ಬರೆದ ಉತ್ತರವನ್ನು ಅವನೇ ಅಂಚೆಗೆ ಹಾಕಬೇಕಾಯಿತು. ಹಾಕುವ ಮುಂಚೆ ಗುರುಗಳೇ ಅದನ್ನು ಓದಲು ಕೊಟ್ಟರು. ‘ಮೂರನೆಯ ಚೀಟಿ ಅಶುದ್ಧ. ತಪ್ಪು ಸಂಗ್ರಾಹಕನಾದ ನನ್ನದು. ಅದನ್ನು ಹರಿದು ಹಾಕಿದ್ದೇನೆ. ಮಾತು ನಿಜ, ಸಾಕ್ಷಿ ಹುಡುಕುತ್ತೇನೆ’ ಎಂದಷ್ಟೇ ಇತ್ತು. ಬಂಡೆಪ್ಪನ ಹೆಸರು ಎಲ್ಲಿಯೂ ಇರಲಿಲ್ಲ.

ಆಮೇಲೆ ಎರಡು ತಿಂಗಳು ಹುಡುಕಾಟವೇ ಹುಡುಕಾಟ. ಶಾಲೆ ಬಿಟ್ಟ ಮೇಲೆ, ರಜೆ ಬಿಟ್ಟ ಮೇಲೆ, ಸುಡುವ ಏಪ್ರಿಲಿನಲ್ಲಿ ಗುರುಶಿಷ್ಯರಿಬ್ಬರೂ ಊರೂರು ತಿರುಗಿದರು. ಗುರುಗಳು ಕತೆ ಹೇಳುವರು: ಒಬ್ಬ ಗೌಡ, ಒಬ್ಬ ದೊರೆ, ಗೌಡನನ್ನು ಹಿಡಿದು ತಂದು ಕೋಟೆಯೊಳಗೆ ಹಾಕಿದರು, ಆ ಎಂಥದದು, ಆ... ಎಂದು ತಲೆ ಕೆರೆದುಕೊಳ್ಳುವರು. “ತುರಂಗರಿ” ಎನ್ನುವರು ಜನ. ಮುಂದಿನ ಊರಿನಲ್ಲಿ “ತುರಂಗ”. ಅದರ ಮುಂದಿನ ಊರಿನಲ್ಲಿ ಹುಡುಗಿಯರೂ ಮುದುಕರೂ ಒಂದೇ ದನಿಯಲ್ಲಿ “ತುರಂಗ”. ಒಂದೂರಿನಲ್ಲಿ ಮುಕ್ತಾಬಾಯಿಯೆಂಬ ತಾಯಿ “ಜೇಲ ಅನ್ರಿ ಮಾಸ್ತರ, ಈಗೆಲ್ಲಾ ಹಂಗ ಅಂತಾರ” ಎಂದು ಗುರುಗಳನ್ನೇ ತಿದ್ದಿದಳು. ಗಾಯದ ಮೇಲೆ ಬರೆ ಎಳೆದ ಹಾಗಾಯಿತು. “ಒಂದ ಸಲ ಬಾಯಿಬಿಟ್ಟು ಕೇಳಿಬಿಡೂಣ್ರಿ, ಯಾರಿಗೆ ಗೊತ್ತಾಗ್ತೈತಿ” ಎಂದು ಬಂಡೆಪ್ಪ ದಾರಿಯಲ್ಲಿ ಅಂಗಲಾಚಿದ. “ನನಗ ಗೊತ್ತಾಗ್ತೈತಲ್ಲ” ಎಂದು ಗುರುಗಳು ಛತ್ರಿ ಬಿಚ್ಚಿ ಮುಂದೆ ನಡೆದರು.

ಮೇ ಇಪ್ಪತ್ತೈದು, ಭಾನುವಾರ. ನಿವೃತ್ತಿಗೆ ಆರು ದಿನ ಉಳಿದಿತ್ತು. ಸೋಲಾಪುರದಲ್ಲಿ ಮಂಡಳಿಯವರನ್ನು ಕಂಡು, ಸಾಕ್ಷಿ ಸಿಗಲಿಲ್ಲವೆಂದು ಹೇಳಿ, ಗುರುಶಿಷ್ಯರು ಅಕ್ಕಲಕೋಟೆಯ ಬಸ್ಸು ಹತ್ತಿದರು. ಸಂಗಡ ಮಲ್ಲಯ್ಯನವರೂ ಇದ್ದರು. ಗುರುಗಳ ಬಳಿಯಿದ್ದ ಚೀಟಿಗಳನ್ನು ಎಣಿಸಿ, ಮುದ್ರಣಕ್ಕೆ ಯೋಗ್ಯವಲ್ಲವೆಂಬ ತಮ್ಮ ಅಭಿಪ್ರಾಯಪತ್ರಕ್ಕೆ ಗುರುಗಳ ಸಹಿ ಪಡೆಯಲು ಬಂದಿದ್ದರು. ಪತ್ರ ಅವರ ಕೋಟಿನ ಜೇಬಿನಲ್ಲೇ ಇತ್ತು. ಬಸ್ಸಿನಲ್ಲಿ ಪಕ್ಕಕ್ಕೆ ಸಿಕ್ಕವರು ಬೇವನೂರಿನ ಕಲ್ಲಣ್ಣ, ಹೊಲಮನೆಯುಳ್ಳ ರೈತ, ಮಕ್ಕಳನ್ನು ಗುರುಗಳ ಶಾಲೆಗೆ ಕಳಿಸಿದವರು. ಬೀಗರ ಮನೆಯಲ್ಲಿ ಎರಡು ದಿನ ಇದ್ದು ಊರಿಗೆ ಮರಳುತ್ತಿದ್ದರು.

ಮಲ್ಲಯ್ಯನವರು ಪರೀಕ್ಷಕರಲ್ಲವೇ, ಸುಮ್ಮನಿರಲಿಲ್ಲ. “ಏನ್ರಿ ಯಜಮಾನರೇ, ಹಿಂದಿನ ಕಾಲದಲ್ಲಿ ಕೋಟೆಯೊಳಗೆ ಜನರನ್ನು ಕೂಡಿಹಾಕುತ್ತಿದ್ದರಲ್ಲ, ಅದಕ್ಕೆ ನಿಮ್ಮೂರಲ್ಲಿ ಏನಂತೀರಿ?” ಎಂದು ನೇರವಾಗಿಯೇ ಕೇಳಿದರು.

“ತುರಂಗ ಅಂತೀವ್ರಿ. ಇನ್ನೇನಂತಾರ?” ಎಂದರು ಕಲ್ಲಣ್ಣ.

ಮಲ್ಲಯ್ಯನವರು ಗುರುಗಳತ್ತ ನೋಡಿದರು. ಗುರುಗಳು ಕಿಟಕಿಯ ಹೊರಗೆ ನೋಡಿದರು. ಬಂಡೆಪ್ಪನಿಗೆ ಬಸ್ಸಿನಿಂದ ಇಳಿದು ಓಡಿಹೋಗೋಣ ಎನಿಸಿತು.

ಬೇವನೂರು ಇನ್ನೂ ಅರ್ಧ ಮೈಲಿ ಇದೆ ಎನ್ನುವಾಗ ಬಸ್ಸು ಕೆಮ್ಮಿ ನಿಂತಿತು. ಇಂಜಿನ್ನು ಆರಲು ಎರಡು ತಾಸಾದರೂ ಬೇಕು ಎಂದ ಚಾಲಕ. ನೆತ್ತಿಯ ಮೇಲೆ ಬಿಸಿಲು. “ಸಾಲಿ ಗುರುಗಳು ನಮ್ಮೂರ ಮುಂದ ಹಸಿದು ಕುಂತ್ರ ನಮ್ಮವ್ವ ನನ್ನ ಮನ್ಯಾಗ ಕರಕೊಳ್ಳೂದಿಲ್ರಿ. ಏಳ್ರಿ, ರೊಟ್ಟಿ ತಿಂದು ಬರೂಣ” ಎಂದು ಕಲ್ಲಣ್ಣ ಮೂವರನ್ನೂ ಎಬ್ಬಿಸಿಕೊಂಡು ಹೊರಟರು.

ಕಲ್ಲುಕಟ್ಟಡದ ಹಳೆಯ ಮನೆ. ಮುಂದೆ ಕಲ್ಲಣ್ಣ, ಹಿಂದೆ ಬಂಡೆಪ್ಪ, ಅವನ ಹಿಂದೆ ಗುರುಗಳು ಮತ್ತು ಮಲ್ಲಯ್ಯನವರು. ಬಾಗಿಲು ತೆರೆದೇ ಇತ್ತು. ಆದರೆ ಕಲ್ಲಣ್ಣ ಹೊಸ್ತಿಲ ಮುಂದೆ ತಟ್ಟನೆ ನಿಂತುಬಿಟ್ಟರು. ಬಂಡೆಪ್ಪ ಅವರ ಬೆನ್ನಿಗೆ ಹಾಯುವುದು ಸ್ವಲ್ಪದರಲ್ಲಿ ತಪ್ಪಿತು. ಅವರು ಚಪ್ಪಲಿ ಬಿಟ್ಟು, ತಲೆಯ ಪಟಗ ತೆಗೆದು ಕೈಯಲ್ಲಿ ಹಿಡಿದರು. ಒಳಗಿನ ಮಬ್ಬಿನಿಂದ ಒಂದು ಮುದಿ ದನಿ ಬಂತು. ಅವರ ತಾಯಿ ಗುರುಬಾಯಿಯವರದು.

“ಯಾರದು?”

“ನಾ ಕಲ್ಲಣ್ಣ.”

“ಎಲ್ಲಿಂದ ಬಂದಿ?”

“ಸೆರಿಗ್ವಾಟಿಂದ ಬಂದೀನಿ.”

“ಯಾರು ಬಿಟ್ರು?”

“ಸಿದ್ಧರಾಮ ಬಿಟ್ಟ.”

“ಕಾಲ ತೊಳಕೊಂಡು ಒಳಗ ಬಾ.”

ಬಂಡೆಪ್ಪನ ಬಾಯಿ ತಾನಾಗಿ ತೆರೆಯಿತು. ‘ಇನ್ನೊಂದು ಸಲ ಅನ್ರಿ’ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನಿಗೆ ಭೀಮಣ್ಣನವರ ಕಟ್ಟೆ ನೆನಪಾಯಿತು. ಹಲ್ಲು ಕಚ್ಚಿ ಬಾಯಿ ಮುಚ್ಚಿದ. ಮುಚ್ಚಿದ ಮೇಲೆ ನೋಡುತ್ತಾನೆ, ಅವನ ಮುಂಗೈಯನ್ನು ಹಿಡಿಯಲೆಂದು ಗುರುಗಳು ಚಾಚಿದ್ದ ಕೈ ಅರ್ಧಕ್ಕೇ ನಿಂತಿತ್ತು. ಹಿಡಿಯುವ ಅಗತ್ಯ ಬೀಳಲಿಲ್ಲ.

ಮಾತಾಡಿದವರು ಮಲ್ಲಯ್ಯನವರು. ಅವರ ದನಿ ಗಡಸಾಗಿರಲಿಲ್ಲ, ಬತ್ತಿದಂತಿತ್ತು. “ಯಜಮಾನರೇ, ಈಗ ಎಲ್ಲಿಂದ ಬಂದೆ ಅಂದಿರಿ?”

“ಬೀಗರ ಮನಿಂದರಿ. ನಿಮ್ಮ ಕೂಡನ ಬಂದ್ನೆಲ್ರಿ.”

“ಅಲ್ಲ, ತಾಯಿಗೆ ಏನು ಹೇಳಿದಿರಿ?”

“ಅದಾ? ಅದೇನ ಮಾತಲ್ರಿ, ಅದು ಮನಿ ಪದ್ಧತಿ” ಎಂದು ಕಲ್ಲಣ್ಣ ನಾಚಿಕೊಂಡು ಕಾಲು ತೊಳೆಯಲು ಹೋದರು. ಬಸ್ಸಿನಲ್ಲಿ ಕೇಳಿದ ಪ್ರಶ್ನೆಗೂ ಇದಕ್ಕೂ ಸಂಬಂಧವಿದೆಯೆಂದು ಆ ಸಾತ್ವಿಕರಿಗೆ ಹೊಳೆದಿರಲೇ ಇಲ್ಲ.

ಉಳಿದುದನ್ನು ರೊಟ್ಟಿ ಬಡಿಸುತ್ತ ಗುರುಬಾಯಿಯವರೇ ಹೇಳಿದರು. ಅವರ ಮಾವನವರ ಅಜ್ಜನನ್ನು ಯಾವುದೋ ದೊರೆಯ ಆಳುಗಳು ಹೊಲದಿಂದಲೇ ಎಳೆದೊಯ್ದರು. ಯಾವ ದೊರೆ, ಯಾವ ಕೋಟೆ ಎನ್ನುವುದು ಮನೆಯವರಿಗೂ ಗೊತ್ತಿಲ್ಲ. ಹನ್ನೊಂದು ವರ್ಷದ ಮೇಲೆ ಅವನು ಬಂದು ಹೊಸ್ತಿಲ ಮುಂದೆ ನಿಂತಾಗ ಹೆಂಡತಿಗೆ ಗುರುತು ಹತ್ತಲಿಲ್ಲ. ಒಳಗಿನಿಂದಲೇ ಕೇಳಿದಳು, ಅವನು, ಸಿದ್ಧರಾಮ ದೇವರೇ ಬಿಡಿಸಿದನೆಂದು, ಹೊರಗಿನಿಂದಲೇ ಹೇಳಿದ. ಅಂದಿನಿಂದ ಆ ಮನೆಯ ಮಗ ಒಂದು ರಾತ್ರಿ ಹೊರಗೆ ಉಳಿದು ಬಂದರೂ ಹಾಗೆ ಹೇಳದೆ ಹೊಸ್ತಿಲು ದಾಟುವಂತಿಲ್ಲ. ಪರರ ಮುಂದೆ ಹೇಳುವ ಮಾತಲ್ಲ. ಇಂದು ಬಸ್ಸು ಕೆಟ್ಟದ್ದರಿಂದ ಪರರು ಬೆನ್ನ ಹಿಂದೆಯೇ ಇದ್ದರು, ಅಷ್ಟೆ.

“ಅಂದರೆ ತುರಂಗದಿಂದ ಬಂದನೆಂದೇ ಅರ್ಥವೇ ತಾಯಿ?” ಎಂದರು ಮಲ್ಲಯ್ಯನವರು. ಪರೀಕ್ಷಕರ ಬುದ್ಧಿ ಆಗಲೂ ಬಿಟ್ಟಿರಲಿಲ್ಲ, ಅದಕ್ಕೇ ಅವರು ದೊಡ್ಡವರು.

ಮುದುಕಿ ರೊಟ್ಟಿ ಹಿಡಿದ ಕೈಯನ್ನು ತಡೆದರು. “ತುರಂಗ ಅಲ್ಲೋ ಯಪ್ಪಾ. ತುರಂಗಕ್ಕ ಹೋದಾವ ದಿನಾ ಎಣಿಸಿಕೋತ ಕುಂದರ್ತಾನ. ಇದಕ್ಕ ಹೋದ್ರ ಮನಿಯಾಗ ಹೆಂಗಸರು ಎಣಿಸಬೇಕು.”

ಮಲ್ಲಯ್ಯನವರ ಕೈ ತಾಟಿನ ಮೇಲೆ ನಿಂತುಹೋಯಿತು. ಹತ್ತೊಂಬತ್ತು ವರ್ಷದ ಹಿಂದೆ ಬೋರಾಮಣಿಯ ಸೋಮವ್ವ ಹೇಳಿದಳೆಂದು ಗುರುಗಳು ಬರೆದಿಟ್ಟ ಸಾಲನ್ನು ಅವರು ‘ಸಂಗ್ರಾಹಕರ ಕಲ್ಪನೆ’ ಎಂದು ಕೆಂಪು ಗೆರೆ ಎಳೆದು ಅಡಿಟಿಪ್ಪಣಿ ಬರೆದಿದ್ದರು. ಗುರುಬಾಯಿ ಜನ್ಮದಲ್ಲಿ ಬೋರಾಮಣಿಯನ್ನು ಕಂಡವರಲ್ಲ. ಮಲ್ಲಯ್ಯನವರು ಅರ್ಧ ಊಟದಲ್ಲೇ ಎದ್ದು ಕೈತೊಳೆದು ಬಂದು, ಕೋಟಿನ ಜೇಬಿನಿಂದ ಅಭಿಪ್ರಾಯಪತ್ರವನ್ನು ತೆಗೆದರು. ಅದನ್ನು ಮಗುಚಿ, ಖಾಲಿಯಿದ್ದ ಬೆನ್ನಿನ ಮೇಲೆ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆಯತೊಡಗಿದರು. ಮಾತು: ಸೆರೆಗೋಟೆ. ಊರು: ಬೇವನೂರು. ಬಾಯಿ: ಕಲ್ಲಣ್ಣ, ಗುರುಬಾಯಿ. ಕೇಳದೆ ಬಂದದ್ದು: ಹೌದು. ಬಂಡೆಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಕುಣಿಯಬೇಕೆನಿಸಿತು, ಮುದುಕಿಯ ಕಾಲಿಗೆ ಬೀಳಬೇಕೆನಿಸಿತು, ಕೆಟ್ಟು ನಿಂತ ಬಸ್ಸಿಗೆ ಕಾಯಿ ಒಡೆಯಬೇಕೆನಿಸಿತು.

“ಸಂಗ್ರಾಹಕರ ಹೆಸರು?” ಎಂದು ಮಲ್ಲಯ್ಯನವರು ತಲೆ ಎತ್ತದೆ ಕೇಳಿದರು. ಬರೆಯುವುದು ಯಾವ ಹೆಸರೆಂದು ಅವರಿಗೆ ಗೊತ್ತೇ ಇತ್ತು, ನಿಯಮಕ್ಕಾಗಿ ಕೇಳಿದ್ದು.

“ಬಂಡೆಪ್ಪ” ಎಂದರು ಗುರುಗಳು.

ಬಂಡೆಪ್ಪ ಗಾಬರಿಯಾದ. “ನಾ ಏನೂ ಮಾಡಲಿಲ್ರಿ ಗುರುಗಳ” ಎಂದು ತೊದಲಿದ.

“ಏನೂ ಮಾಡಲಿಲ್ಲ, ಸುಮ್ಮನ ನಿಂತಿ. ಆರು ವರ್ಷದ ಹಿಂದ ಅದಾ ಆಗಿರಲಿಲ್ಲ” ಎಂದರು ಗುರುಗಳು. ಮತ್ತೆ ಮಲ್ಲಯ್ಯನವರಿಗೆ, “ಬರಕೊಳ್ರಿ” ಎಂದರು.

ಮಲ್ಲಯ್ಯನವರು ಇಬ್ಬರ ಮುಖವನ್ನೂ ನೋಡಿದರು. ಹರಿದು ಹಾಕಿದ ಚೀಟಿ ಯಾರದೆಂದು ಅವರಿಗೆ ಮೊದಲಿನಿಂದಲೂ ತಿಳಿದಿತ್ತು. ‘ಸಣ್ಣ ಮಾಸ್ತರ’ ಎಂದು ಭೀಮಣ್ಣನವರು ಹೇಳಿದ್ದರಲ್ಲ. ಅವರು ಹೆಸರು ಬರೆದುಕೊಂಡರು. ಪುಸ್ತಕ ಈಗ ಅಚ್ಚಿನಲ್ಲಿದೆ. ಅದರಲ್ಲಿ ನಾಲ್ಕು ಸಾವಿರದ ಮುನ್ನೂರ ಹತ್ತು ಮಾತುಗಳ ಕೆಳಗೆ ಗುರುಗಳ ಹೆಸರಿದೆ, ಒಂದರ ಕೆಳಗೆ ಮಾತ್ರ ಬಂಡೆಪ್ಪನದು. ಮುನ್ನುಡಿ ಬರೆದವರು ಮಲ್ಲಯ್ಯನವರೇ.

ಮೇ ಮೂವತ್ತೊಂದರಂದು ಗುರುಗಳು ಶಾಲೆಯ ಕೀಲಿಕೈಯನ್ನು ಒಪ್ಪಿಸಿ ಮನೆಗೆ ಹೋದಾಗ, ರೇವಮ್ಮನವರು ಬಾಗಿಲಲ್ಲಿ ಅಡ್ಡ ನಿಂತು, “ಎಲ್ಲಿಂದ ಬಂದ್ರಿ?” ಎಂದು ಕೇಳಿದರಂತೆ. ಗುರುಗಳು ಏನು ಉತ್ತರ ಕೊಟ್ಟರೋ ನಮಗೆ ಯಾರಿಗೂ ತಿಳಿಯದು. ಒಳಗೆ ಬಹಳ ಹೊತ್ತು ನಗೆ ಕೇಳಿಸಿತೆಂದು ನೆರೆಯ ಸುಗಲಾಬಾಯಿ ಹೇಳುತ್ತಾರೆ.

ನಿವೃತ್ತರು ಮನೆಯಲ್ಲಿ ಕೂತು ವಿಶ್ರಾಂತಿ ಪಡೆಯಲಿ ಎಂದು ಹಾರೈಸುವುದು ಇಂಥ ಗ್ರಂಥಗಳ ಪದ್ಧತಿ. ಬಂಡೆಪ್ಪ ಹಾಗೆ ಹಾರೈಸಿದರೆ ಗುರುಗಳು ಈ ಗ್ರಂಥವನ್ನು ತಿರುಗಿ ಕಳಿಸಿಯಾರು. ರೇವಮ್ಮನವರು ಹೊಸ ಕಂಬಳಿ ಚೀಲ ಹೊಲಿದು ಮುಗಿಸಿದ್ದಾರೆ. ಬರುವ ಸೋಮವಾರ ಗುರುಗಳು ಹುಲಜಂತಿಯ ದಾರಿ ಹಿಡಿಯುತ್ತಾರೆ. ಎರಡು ಊರಿನಲ್ಲಿ, ಎರಡು ಬಾಯಿಯಲ್ಲಿ ಸಿಕ್ಕ ಒಂದು ಮಾತು, ‘ಸೆರೆಗೋಟೆ’ಗಿಂತಲೂ ಹಳೆಯದು, ‘ಸೆರೆಗೋಟೆ’ಗಿಂತಲೂ ಚೆಂದದ್ದು, ಮೂರನೆಯ ಬಾಯಿಗಾಗಿ ಕಾದು ಕೂತಿದೆ. ಆ ಬಾಯಿ ಸಿಗುವವರೆಗೆ, ಅದು ಸಿಕ್ಕ ಮೇಲೆ ಇನ್ನೊಂದು ಮಾತಿನ ಬಾಯಿ ಸಿಗುವವರೆಗೆ, ಹೀಗೆಯೇ ನೂರು ತುಂಬುವವರೆಗೆ ಬೀರೋಬನು ಗುರುಗಳ ಕಾಲಿಗೆ ಕಸುವನ್ನೂ ಕಿವಿಗೆ ಚುರುಕನ್ನೂ ಕೊಟ್ಟು ಕಾಪಾಡಲಿ.

ಆ ಮಾತು ಯಾವುದೆಂದು ಓದುಗರು ಕೇಳಬಹುದು. ಇಲ್ಲಿ ಅಚ್ಚಾದರೆ ನಾಳೆ ಹತ್ತೂರು ಓದುತ್ತದೆ, ಮೂರನೆಯ ಸಾಕ್ಷಿ ಕೆಡುತ್ತದೆ. ಬಂಡೆಪ್ಪನಿಗೆ ಅದು ಗೊತ್ತು. ಹೇಳುವುದಿಲ್ಲ.